ಕೀಲಿಕೈಯ ಒಡೆತನ

ಆನೆಯನ್ನೇ ಮಾರಿದ ಮೇಲೆ ಅಂಕುಶದ ಸಲುವಾಗಿ ವಾದವೇಕೆ ಎಂಬದು ನಮ್ಮ ಹಿರಿಯರು ಹೇಳಿಕೊಂಡು ಬಂದ ಲೌಕಿಕ ನ್ಯಾಯ. ದೊಡ್ಡ ವಸ್ತುವನ್ನು ಬೆಲೆಗೆ ಕೊಟ್ಟವನು ಅದನ್ನು ನಡೆಸುವ ಸಣ್ಣ ಸಾಧನವನ್ನು ತನ್ನ ಹಿಡಿತದಲ್ಲಿಯೇ ಇಟ್ಟುಕೊಳ್ಳುವದು ವ್ಯವಹಾರಕ್ಕೆ ಶೋಭಿಸದು, ಧರ್ಮಕ್ಕೂ ಸಲ್ಲದು. ಆದರೆ ಇಂದಿನ ಮೋಟಾರು ವ್ಯಾಪಾರದಲ್ಲಿ ಈ ನ್ಯಾಯವು ತಲೆಕೆಳಗಾಗಿದೆ. ಲಕ್ಷಗಟ್ಟಲೆ ಹಣ ತೆತ್ತು, ತೆರಿಗೆ ಕೊಟ್ಟು, ವಿಮೆ ಇಳಿಸಿ, ತನ್ನ ಹೆಸರಿನಲ್ಲಿ ದಾಖಲೆ ಮಾಡಿಸಿಕೊಂಡ ಗೃಹಸ್ಥನು ತಾನು ಗಾಡಿಯ ಒಡೆಯನೆಂದು ಬಗೆದಿರುತ್ತಾನೆ. ಒಂದು ದಿನ ಅಂಗೈಯೊಳಗಿನ ಕೀಲಿಕೈಯ ಗುಂಡಿಯನ್ನು ಒತ್ತಿದಾಗ ಗಾಡಿಯು ಓಗೊಡದಿದ್ದರೆ, ಒಡೆತನದ ಅರ್ಧ ಪಾಲು ಬೇರೆಲ್ಲಿಯೋ ಉಳಿದಿದೆಯೆಂಬದು ಆತನ ಅರಿವಿಗೆ ಬರುತ್ತದೆ. ವಿಷಯವು ಅಲ್ಪವೆಂದು ವಾಚಕರು ತಳ್ಳಿಹಾಕಬಾರದು. ಅಲ್ಪ ವಸ್ತುವಿನಲ್ಲಿ ಸ್ವಾಧೀನತೆಯನ್ನು ಬಿಟ್ಟುಕೊಟ್ಟ ಜನಕ್ಕೆ ದೊಡ್ಡದರಲ್ಲಿ ಅದನ್ನು ಉಳಿಸಿಕೊಳ್ಳುವದು ಸುಲಭವಲ್ಲ.

ನಮ್ಮ ಪರಿಚಯದ ನಿವೃತ್ತ ಅಧಿಕಾರಿಗಳೊಬ್ಬರಿಗೆ ಒದಗಿದ ಪ್ರಸಂಗವೇ ಈ ಲೇಖನಕ್ಕೆ ಕಾರಣವಾಯಿತು. ನಡುರಾತ್ರಿಯಲ್ಲಿ ಅವರ ಪತ್ನಿಯವರಿಗೆ ಉಬ್ಬಸವು ಹೆಚ್ಚಿತು. ದವಾಖಾನೆಗೆ ಕರೆದೊಯ್ಯಲು ಹೊರಗೆ ಬಂದು ಕೀಲಿಕೈಯನ್ನು ಒತ್ತಿದರೆ ಗಾಡಿಯ ಬಾಗಿಲು ತೆರೆಯಲಿಲ್ಲ. ಹತ್ತು ಸಲ ಒತ್ತಿದರೂ ತೆರೆಯಲಿಲ್ಲ. ಎರಡನೆಯ ಕೀಲಿಕೈಯು ವರ್ಷದ ಹಿಂದೆಯೇ ನಿಂತುಹೋಗಿ ಕಪಾಟಿನ ಮೂಲೆ ಸೇರಿತ್ತು. ಕೊನೆಗೆ ನೆರೆಯವರ ರಿಕ್ಷಾದಲ್ಲಿ ಆ ತಾಯಿಯವರನ್ನು ಸಾಗಿಸಬೇಕಾಯಿತು. ಅವರು ಚೇತರಿಸಿಕೊಂಡರೆಂಬದೇ ಸಮಾಧಾನ. ಮರುದಿನ ಗಾಡಿ ಮಾರಿದ ಸಂಸ್ಥೆಯ ಕಾರ್ಯಾಗಾರದಲ್ಲಿ ವಿಚಾರಿಸಲಾಗಿ, ಇದಕ್ಕೆ ದುರಸ್ತಿ ಎಂಬದಿಲ್ಲ, ಹೊಸದನ್ನೇ ತರಿಸಬೇಕು, 14,000 ರೂಪಾಯಿ ಆಗುವದು, ಮೂರು ವಾರ ಕಾಯಬೇಕು, ಗಾಡಿಯನ್ನು ಬೇರೊಂದು ವಾಹನದ ಮೇಲೆ ಹೇರಿಸಿ ಇಲ್ಲಿಗೇ ತರಬೇಕು ಎಂಬ ಉತ್ತರ ಬಂದಿತು. ಮೂಗಿಗಿಂತ ಮೂಗುತಿ ಭಾರವೆಂದುಕೊಳ್ಳುತ್ತ ಮನೆಗೆ ಮರಳುವಾಗ ಅವರು ಪೇಟೆಯ ಗಡಿಯಾರ ರಿಪೇರಿಯವನಿಗೆ ಕೀಲಿಕೈಯನ್ನು ತೋರಿಸಿದರು. ಆತನು ಕವಚವನ್ನು ಬಿಚ್ಚಿ, ಭೂತಗನ್ನಡಿ ಹಚ್ಚಿ ನೋಡಿ, ಗುಂಡಿಯ ಬುಡದ ಬೆಸುಗೆ ಬಿರುಕು ಬಿಟ್ಟಿರುವದನ್ನು ಕಂಡುಹಿಡಿದನು. ಒಂದು ಹನಿ ಬೆಸುಗೆ, ಒಂದು ಹೊಸ ಸೆಲ್ಲು, ಒಟ್ಟು 150 ರೂಪಾಯಿ. ಕೀಲಿಕೈಯು ಮೊದಲಿನಂತಾಯಿತು.

ಇಷ್ಟರಿಂದಲೇ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಆ ಕಸಬುದಾರನು ಇನ್ನೊಂದನ್ನೂ ತೋರಿಸಿದನು. ಕೀಲಿಕೈಯ ಹೊಟ್ಟೆಯೊಳಗೆ ಲೋಹದ ಸಣ್ಣ ಅಲಗೊಂದು ಅಡಗಿತ್ತು. ಪಕ್ಕದ ಚಿಲಕವನ್ನು ಸರಿಸಿದರೆ ಅದು ಹೊರಗೆ ಬರುತ್ತಿತ್ತು. ಅದರಿಂದ ಆ ರಾತ್ರಿ ಬಾಗಿಲನ್ನು ಕೈಯಿಂದಲೇ ತೆರೆಯಬಹುದಾಗಿತ್ತು. ಒಳಗೆ ಕುಳಿತು, ಸತ್ತುಹೋದ ಕೀಲಿಕೈಯನ್ನೇ ಎಂಜಿನ್ನಿನ ಗುಂಡಿಗೆ ತಾಗಿಸಿ ಒತ್ತಿದ್ದರೆ ಗಾಡಿಯೂ ಹೊರಡುತ್ತಿತ್ತು. ಐದು ವರ್ಷ ಆ ಗಾಡಿಯನ್ನು ನಡೆಸಿದವರಿಗೆ ಈ ಸಂಗತಿಯನ್ನು ಮಾರಿದವರು ಹೇಳಿರಲಿಲ್ಲ, ಮರುದಿನ ಬೆಲೆ ಹೇಳಿದವರೂ ಹೇಳಲಿಲ್ಲ. ಪುಸ್ತಕದಲ್ಲಿ ಅಚ್ಚಾಗಿದೆಯೆಂದು ಅವರು ಹೇಳಬಹುದು. ಪರಭಾಷೆಯ ನಾಲ್ಕುನೂರು ಪುಟಗಳ ನಡುವೆ ಒಂದು ಚಿತ್ರ ಅಚ್ಚಾಗಿದ್ದ ಮಾತ್ರಕ್ಕೆ ಗಿರಾಕಿಗೆ ತಿಳಿವಳಿಕೆ ಕೊಟ್ಟಂತಾಗುವದೆ? ಅಜ್ಞಾನದಿಂದ ಆದ ಹಾನಿಯು ಯಂತ್ರದ ದೋಷದಿಂದ ಆದ ಹಾನಿಗಿಂತ ಹೆಚ್ಚಿನದಾಗಿತ್ತು.

ಆದುದರಿಂದ ಈ ಪುಟ್ಟ ಯಂತ್ರದ ರಚನೆಯನ್ನು ಮೊದಲು ತಿಳಿಯುವದು ಅವಶ್ಯ. ಹೊರಗಿನಿಂದ ಒಂದೇ ಆಗಿ ಕಾಣುವ ಈ ವಸ್ತುವಿನಲ್ಲಿ ವಾಸ್ತವವಾಗಿ ಮೂರು ಕೀಲಿಕೈಗಳಿರುವವು. ಒಂದು, ಬಾಗಿಲಿನ ಕೀಲಿಗೆ ಹೊಂದುವ ಲೋಹದ ಅಲಗು. ಎರಡು, ಗುಂಡಿ ಒತ್ತಿದಾಗ ರೇಡಿಯೋ ಅಲೆಗಳ ಮೂಲಕ ಗಾಡಿಗೆ ಸಂದೇಶ ಕಳಿಸುವ ಪ್ರೇಷಕ. ನಮ್ಮ ದೇಶದ ಮತ್ತು ಯೂರೋಪಿನ ಗಾಡಿಗಳಲ್ಲಿ ಇದು ಬಹುಶಃ 433 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಕೆಲಸ ಮಾಡುವದು. ಇದಕ್ಕೆ ಮಾತ್ರ ಸೆಲ್ಲು ಬೇಕು. ಮೂರು, ಎಂಜಿನ್ನಿಗೆ ಅಪ್ಪಣೆ ಕೊಡುವ ಗುರುತಿನ ಚಿಪ್ಪು. ಇದಕ್ಕೆ ಸೆಲ್ಲಿನ ಹಂಗಿಲ್ಲ. ಗಾಡಿಯಲ್ಲಿರುವ ತಂತಿಯ ಸುರುಳಿಯು ಹತ್ತಿರ ಬಂದ ಚಿಪ್ಪಿಗೆ ತನ್ನ ಕಾಂತಕ್ಷೇತ್ರದಿಂದಲೇ ಶಕ್ತಿಯನ್ನು ಕೊಡುವದು. ಚಿಪ್ಪು ತನ್ನ ಗುರುತನ್ನು ಹೇಳುವದು. ಗುರುತು ಸರಿಹೋದರೆ ಮಾತ್ರ ಎಂಜಿನ್ನು ನಡೆಯುವದು. ಸತ್ತ ಕೀಲಿಕೈಯಿಂದಲೂ ಗಾಡಿ ಹೊರಡುವ ಮರ್ಮವು ಇದೇ. ಈ ಮೂರರಲ್ಲಿ ಒಂದು ಕೆಟ್ಟರೆ ಉಳಿದೆರಡು ಜೀವಂತವಾಗಿರಬಹುದು. ಹೀಗಿರುವಾಗ "ಕೀಲಿಕೈ ಕೆಟ್ಟಿತು, ಹೊಸದು ತರಿಸಿರಿ" ಎಂಬುವದು, ಹಲ್ಲುನೋವಿಗೆ ತಲೆಯನ್ನೇ ಬದಲಿಸಬೇಕೆಂದು ಹೇಳುವ ವೈದ್ಯನ ಮಾತಿನಂತೆ ಆಗುವದು.

ರೋಗವನ್ನು ಗುರುತಿಸುವ ಕ್ರಮವೂ ಕಠಿಣವಾದುದಲ್ಲ. ಮೊದಲು ಎರಡನೆಯ ಕೀಲಿಕೈಯನ್ನು ಒತ್ತಿ ನೋಡಬೇಕು. ಅದು ನಡೆದರೆ ದೋಷವು ಮೊದಲಿನ ಕೀಲಿಕೈಯಲ್ಲಿದೆ. ಎರಡೂ ನಡೆಯದಿದ್ದರೆ ಗಾಡಿಯ ಬ್ಯಾಟರಿ, ಫ್ಯೂಜು, ಸಂದೇಶ ಹಿಡಿಯುವ ಭಾಗ ಇವುಗಳನ್ನು ಶಂಕಿಸಬೇಕು. ಪ್ರಬಲವಾದ ರೇಡಿಯೋ ಪ್ರೇಷಕಗಳ ಸಮೀಪದಲ್ಲಿ ಒಳ್ಳೆಯ ಕೀಲಿಕೈಯ ಕ್ಷೀಣಧ್ವನಿಯೂ ಮುಳುಗಿಹೋಗುವದುಂಟು. ಆದಕಾರಣ ಸಾಧ್ಯವಾದರೆ ಗಾಡಿಯನ್ನು ಬೇರೆ ಸ್ಥಳಕ್ಕೆ ಒಯ್ದು ಪರೀಕ್ಷಿಸಿದ ಹೊರತು ನಿರ್ಣಯಕ್ಕೆ ಬರಬಾರದು.

ದೋಷವು ಕೀಲಿಕೈಯಲ್ಲಿಯೇ ಇದೆಯೆಂದು ಗೊತ್ತಾದರೆ ಸೆಲ್ಲಿನಿಂದ ಆರಂಭಿಸಬೇಕು. ಮೊದಲು ಇಪ್ಪತ್ತು ಹೆಜ್ಜೆಯಿಂದ ಓಗೊಡುತ್ತಿದ್ದ ಗಾಡಿಯು ಬರಬರುತ್ತ ಮೂರು ಹೆಜ್ಜೆಗೆ ಇಳಿದರೆ, ಒಂದು ಒತ್ತಿಗೆ ಆಗುತ್ತಿದ್ದ ಕೆಲಸಕ್ಕೆ ನಾಲ್ಕು ಒತ್ತು ಬೇಕಾದರೆ, ಸೆಲ್ಲಿನ ಆಯುಷ್ಯ ಮುಗಿಯುತ್ತ ಬಂದಿದೆಯೆಂದು ತಿಳಿಯಬೇಕು. ಬಹಳಷ್ಟು ಕೀಲಿಕೈಗಳಲ್ಲಿರುವದು ಸಿ.ಆರ್. 2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ಲು. ಅಂಕೆಯ ಅರ್ಥವೂ ಸರಳವಾಗಿದೆ. 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ. 2025 ಎಂಬುದರ ದಪ್ಪ 2.5 ಮಿಲಿಮೀಟರು, 2016 ಎಂಬುದರದು 1.6. ವೋಲ್ಟು ಒಂದೇ ಇದೆಯೆಂದು ತೆಳ್ಳಗಿನದನ್ನು ತುರುಕಿದರೆ ಅದು ಒಳಗೆ ಸಡಿಲಾಗಿ ಅಲುಗಾಡುವದು. ಹಳೆಯದರ ಮೇಲಿರುವ ಅಂಕೆಯದನ್ನೇ ತಂದು, ಧನಮುಖವು ಮೊದಲಿದ್ದ ಕಡೆಗೇ ಬರುವಂತೆ ಕೂಡ್ರಿಸಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆವು. ತೆಗೆದ ಸೆಲ್ಲನ್ನು ಮಕ್ಕಳ ಕೈಗೆ ಸಿಗುವಂತೆ ಬಿಡಬಾರದು. ನುಂಗಿದ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಭಾಗವನ್ನು ಸುಟ್ಟುಬಿಡುವದು. ಅಂಥ ಸಂಶಯ ಬಂದೊಡನೆ ಕ್ಷಣವೂ ತಡೆಯದೆ ದವಾಖಾನೆಗೆ ಧಾವಿಸಬೇಕು.

ಹೊಸ ಸೆಲ್ಲಿನಿಂದಲೂ ಗುಣವಾಗದಿದ್ದರೆ ಒಳಗಿನ ಲೋಹದ ಎಸಳುಗಳನ್ನು ನೋಡಬೇಕು. ಅವು ಬಾಗಿ ಸೆಲ್ಲನ್ನು ಮುಟ್ಟದಿದ್ದರೆ ಕಟ್ಟಿಗೆಯ ಕಡ್ಡಿಯಿಂದ ಮೆಲ್ಲನೆ ಎತ್ತಬೇಕು. ಹಸಿರು ಕಿಲುಬು ಹಿಡಿದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಒಂದೇ ಗುಂಡಿ ಮುಷ್ಕರ ಹೂಡಿ ಉಳಿದವು ನಡೆಯುತ್ತಿದ್ದರೆ ಸೆಲ್ಲು ನಿರಪರಾಧಿ. ಆ ಗುಂಡಿಯ ಕೆಳಗಿನ ರಬ್ಬರು ಸವೆದಿರಬೇಕು, ಇಲ್ಲವೆ ಪುಟ್ಟ ಸ್ವಿಚ್ಚಿನ ಬೆಸುಗೆ ಬಿಟ್ಟಿರಬೇಕು. ಸ್ವಿಚ್ಚು ಅಲ್ಪ ಬೆಲೆಗೆ ಸಿಗುವ ವಸ್ತು. ಅದನ್ನು ಹಚ್ಚುವದಕ್ಕೆ ಬೇಕಾದದ್ದು ಸೂಕ್ಷ್ಮವಾದ ಕಾವುಗೋಲು ಮತ್ತು ನಡುಗದ ಕೈ. ಅಂಗಿಯ ಕಿಸೆಯಲ್ಲಿ ಉಳಿದು ಬಟ್ಟೆಯ ಸಂಗಡ ಒಗೆಯಲ್ಪಟ್ಟ ಕೀಲಿಕೈಯು ಕೂಡ ಬದುಕುವದುಂಟು. ಒದ್ದೆಯಿದ್ದಾಗ ಗುಂಡಿ ಒತ್ತದೆ, ಒಡನೆಯೆ ಸೆಲ್ಲು ತೆಗೆದು, ಅದೇ ಆಲ್ಕೋಹಾಲಿನಿಂದ ಒರೆಸಿ ಪೂರ್ಣವಾಗಿ ಒಣಗಿಸಬೇಕು.

ಇನ್ನೊಂದು ದೋಷವುಂಟು. ಅದು ದೋಷವೇ ಅಲ್ಲ. ಕಳ್ಳನು ಸಂದೇಶವನ್ನು ಕದ್ದು ಕೇಳಿ ಮತ್ತೆ ಬಳಸಬಾರದೆಂದು ಕೀಲಿಕೈಯು ಪ್ರತಿ ಒತ್ತಿಗೂ ಹೊಸ ಸಂಕೇತವನ್ನು ಕಳಿಸುವದು. ಗಾಡಿಯೂ ಅದಕ್ಕೆ ಸರಿಯಾಗಿ ಲೆಕ್ಕ ಇಟ್ಟಿರುವದು. ಗಾಡಿಯಿಂದ ದೂರದಲ್ಲಿ ಮಕ್ಕಳು ಆಟಕ್ಕೆಂದು ನೂರಾರು ಸಲ ಒತ್ತಿದರೆ ಕೀಲಿಕೈಯ ಲೆಕ್ಕವು ಮುಂದೆ ಹೋಗಿ ಗಾಡಿಯ ಲೆಕ್ಕವು ಹಿಂದೆ ಉಳಿಯುವದು. ಹಲವು ಗಾಡಿಗಳಲ್ಲಿ ಎಂಜಿನ್ನಿನ ಕೀಲಿಯನ್ನು ತಿರುವಿ ಗುಂಡಿಯನ್ನು ಒತ್ತುವದರಿಂದ ಈ ಲೆಕ್ಕವು ಸರಿಹೊಂದುವದು. ಅದರ ವಿಧಾನವು ಆಯಾ ಗಾಡಿಯ ಪುಸ್ತಕದಲ್ಲಿರುವದು. ಎರಡು ನಿಮಿಷದ ಈ ಕೆಲಸಕ್ಕಾಗಿ ಹೊಸ ಕೀಲಿಕೈಯ ಬೆಲೆಯನ್ನು ತೆತ್ತವರೂ ನಮ್ಮಲ್ಲಿರಬಹುದು.

ಕವಚವು ಒಡೆದರೆ ಬರಿಯ ಕವಚವೇ ಪೇಟೆಯಲ್ಲಿ ಸಿಗುವದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಿಂದ ಹಿಡಿದು ತಾಲೂಕು ಊರುಗಳ ಕೀಲಿಕೈ ಕಡೆಯುವವರ ಅಂಗಡಿಗಳವರೆಗೆ ಈ ಕೆಲಸ ಬಲ್ಲವರಿದ್ದಾರೆ. ಹಳೆಯ ಕವಚದಿಂದ ಒಳಗಿನ ಹಲಗೆಯನ್ನು ಹೊಸದಕ್ಕೆ ಸಾಗಿಸಿದರೆ ಸಾಕು. ಇಲ್ಲಿ ಅನೇಕರು ಮೋಸಹೋಗುವರು. ಕೆಲವು ಕೀಲಿಕೈಗಳಲ್ಲಿ ಮೇಲೆ ಹೇಳಿದ ಗುರುತಿನ ಚಿಪ್ಪು ಹಲಗೆಯ ಮೇಲೆ ಇರುವದಿಲ್ಲ. ಅಕ್ಕಿಕಾಳಿನಂಥ ಗಾಜಿನ ಕೊಳವೆಯಾಗಿ, ಇಲ್ಲವೆ ಕಪ್ಪು ತುಣುಕಾಗಿ ಹಳೆಯ ಕವಚದ ಮೂಲೆಯಲ್ಲಿ ಸೇರಿಕೊಂಡಿರುವದು. ಅದನ್ನು ಗಮನಿಸದೆ ಕವಚವನ್ನು ಕಸದ ಬುಟ್ಟಿಗೆ ಹಾಕಿದರೆ, ಹೊಸ ಕೀಲಿಕೈಯಿಂದ ಬಾಗಿಲು ತೆರೆಯುವದು, ಎಂಜಿನ್ನು ಮಾತ್ರ ಹೊರಡದು. ಗಾಡಿ ನಡೆಯುವದು ಖಾತ್ರಿಯಾಗುವವರೆಗೆ ಹಳೆಯ ತುಂಡುಗಳಲ್ಲಿ ಒಂದನ್ನೂ ಎಸೆಯಬಾರದು. ಕೆಟ್ಟ ಕೀಲಿಕೈಯನ್ನು ಎಸೆಯಬಾರದೆಂಬದಕ್ಕೆ ಇನ್ನೊಂದು ಕಾರಣವೂ ಇದೆ. ಗಾಡಿಯು ಕಳುವಾದರೆ ವಿಮಾ ಕಂಪನಿಯವರು ಸಾಮಾನ್ಯವಾಗಿ ಎರಡೂ ಕೀಲಿಕೈಗಳನ್ನು ಕೇಳುವರು. ಒಂದನ್ನೇ ತೋರಿಸಿದವನು ಅನೇಕ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುವದು.

ಇಲ್ಲಿಯವರೆಗೆ ಹೇಳಿದ ದೋಷಗಳೆಲ್ಲವೂ ಮನೆಯ ಮೇಜಿನ ಮೇಲೆ ಅಥವಾ ಪೇಟೆಯ ಕಸಬುದಾರನ ಕಟ್ಟೆಯ ಮೇಲೆ ಗುಣವಾಗುವಂಥವು. ಇದರ ಮುಂದೆ ಒಂದು ಗೋಡೆಯಿದೆ. ಹಲಗೆಯೇ ಸುಟ್ಟುಹೋದರೆ, ಇಲ್ಲವೆ ಕೀಲಿಕೈಯು ಕಳೆದುಹೋದರೆ, ಹೊಸ ಚಿಪ್ಪಿನ ಗುರುತನ್ನು ಗಾಡಿಗೆ ಪರಿಚಯ ಮಾಡಿಕೊಡಬೇಕು. ಆ ಪರಿಚಯದ ವಿದ್ಯೆಯು, ಅದಕ್ಕೆ ಬೇಕಾದ ಯಂತ್ರ ಮತ್ತು ಗುಪ್ತಾಂಕಗಳು, ಬಹುಮಟ್ಟಿಗೆ ಗಾಡಿ ತಯಾರಿಸಿದ ಕಂಪನಿ ಮತ್ತು ಅದರ ಮಾರಾಟಗಾರರ ಕೈಯಲ್ಲಿವೆ. ಅವರು ಹೇಳಿದ್ದೇ ಬೆಲೆ, ಅವರು ಕೊಟ್ಟದ್ದೇ ದಿನ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವದು ದುರ್ಲಭ.

ಕಂಪನಿಗಳ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಗಾಡಿಗಳ ಕಳವು ಹಿಂದೆ ಎಷ್ಟು ಸುಲಭವಾಗಿತ್ತೆಂಬದು ಎಲ್ಲರಿಗೂ ಗೊತ್ತಿದೆ. ಎರಡು ತಂತಿಗಳನ್ನು ಕೂಡಿಸಿದರೆ ಎಂಜಿನ್ನು ಹೊರಡುತ್ತಿದ್ದ ಕಾಲವದು. ಗುರುತಿನ ಚಿಪ್ಪು ಬಂದ ಮೇಲೆ ಅಂಥ ಕಳವು ಬಹಳ ಇಳಿಯಿತು. ಯೂರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಈ ರಕ್ಷಣೆಯನ್ನು ಕಾಯಿದೆಯಿಂದಲೇ ಕಡ್ಡಾಯ ಮಾಡಿದರು. ಹಾದಿಯಲ್ಲಿ ಹೋಗುವವನೆಲ್ಲ ಹೊಸ ಕೀಲಿಕೈಯನ್ನು ಪರಿಚಯಿಸಬಹುದಾದರೆ ರಕ್ಷಣೆಗೆ ಅರ್ಥವೇನು ಎಂದು ಕಂಪನಿಗಳವರು ಕೇಳುವದು ಹುರುಳಿಲ್ಲದ ಪ್ರಶ್ನೆಯಲ್ಲ. ಗುಪ್ತಾಂಕಗಳನ್ನು ಬೀದಿಯಲ್ಲಿ ಚೆಲ್ಲಬೇಕೆಂದು ನಾವೂ ಹೇಳುವದಿಲ್ಲ.

ಆದರೆ ರಕ್ಷಣೆ ಬೇರೆ, ಏಕಸ್ವಾಮ್ಯ ಬೇರೆ. ಸಂಕೇತವಿದ್ಯೆಯಲ್ಲಿ ಮಾನ್ಯರಾದ ಕೆರ್ಕಾಫ್ಸ್ ಎಂಬ ಪಂಡಿತರು 1883ರಷ್ಟು ಹಿಂದೆಯೇ ಒಂದು ತತ್ವವನ್ನು ಸ್ಥಾಪಿಸಿದರು. ಒಳ್ಳೆಯ ಕೀಲಿಯ ಭದ್ರತೆಯು ಅದರ ಕೀಲಿಕೈಯು ಗುಟ್ಟಾಗಿರುವದರ ಮೇಲೆ ನಿಂತಿರಬೇಕು, ಕೀಲಿಯ ರಚನೆಯು ಗುಟ್ಟಾಗಿರುವದರ ಮೇಲೆ ಅಲ್ಲವೆಂಬದು ಅದರ ತಾತ್ಪರ್ಯ. ರಚನೆಯ ಗುಟ್ಟು ಇಂದಲ್ಲ ನಾಳೆ ಕಳ್ಳನಿಗೆ ತಿಳಿದೇ ತೀರುವದು. ಕಿಸೆಯಿಂದ ತೆಗೆಯದೆಯೇ ಬಾಗಿಲು ತೆರೆಯುವ ಕೀಲಿಕೈಗಳ ಸಂದೇಶವನ್ನು ಇಬ್ಬರು ಕೂಡಿ ದೂರಕ್ಕೆ ದಾಟಿಸಿ ಗಾಡಿಯನ್ನು ಮೋಸಗೊಳಿಸಬಹುದೆಂದು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದ ತಾಂತ್ರಿಕ ವಿದ್ಯಾಪೀಠದ ಸಂಶೋಧಕರು ಹತ್ತು ಮಾದರಿಯ ಕಾರುಗಳ ಮೇಲೆ ಪ್ರಯೋಗ ಮಾಡಿ 2011ರಲ್ಲಿ ತೋರಿಸಿಕೊಟ್ಟರು. ಅಂಥ ಕಳ್ಳನಿಗೆ ಕಂಪನಿಯ ಗುಪ್ತಾಂಕವೂ ಬೇಡ, ಕಸಬುದಾರನ ಸಹಾಯವೂ ಬೇಡ. ಹೀಗೆ ಕಳ್ಳನು ತನ್ನ ಹಾದಿಯನ್ನು ತಾನೇ ಕಂಡುಕೊಳ್ಳುವನು. ಮುಚ್ಚಿದ ಬಾಗಿಲ ಮುಂದೆ ನಿಲ್ಲುವವರು ಪ್ರಾಮಾಣಿಕನಾದ ಒಡೆಯನೂ ಪ್ರಾಮಾಣಿಕನಾದ ಕಸಬುದಾರನೂ ಮಾತ್ರ.

ರಕ್ಷಣೆಯನ್ನೂ ಉಳಿಸಿಕೊಂಡು ಒಡೆಯನ ಹಕ್ಕನ್ನೂ ಕಾಯುವ ಮಾರ್ಗವಿಲ್ಲವೆ? ಇದೆ, ಅದನ್ನು ನಡೆಸಿ ತೋರಿಸಿದವರೂ ಇದ್ದಾರೆ. ಅಮೇರಿಕೆಯ ಮಸಾಚುಸೆಟ್ಸ್ ಸಂಸ್ಥಾನದ ಮತದಾರರು 2012ರಲ್ಲಿ, ವಾಹನ ದುರಸ್ತಿಯ ಮಾಹಿತಿಯು ಒಡೆಯನಿಗೂ ಸ್ವತಂತ್ರ ಕಾರ್ಯಾಗಾರಗಳಿಗೂ ದೊರೆಯಬೇಕೆಂದು ಬಹುಮತದಿಂದ ನಿರ್ಣಯಿಸಿದರು. 2013ರಲ್ಲಿ ಅಲ್ಲಿಯ ಶಾಸನಸಭೆಯು ಆ ಕಾಯಿದೆಗೆ ಕೊನೆಯ ರೂಪ ಕೊಟ್ಟಿತು. ಕಳವು ತಡೆಯುವ ಗುಪ್ತಾಂಕಗಳನ್ನು ಎಲ್ಲರಿಗೂ ತೆರೆದಿಡಬೇಕಿಲ್ಲವೆಂದು ಅದು ಒಪ್ಪಿಕೊಂಡಿತು. ಹಾಗೆ ಹಿಡಿದಿಟ್ಟ ಮಾಹಿತಿಯನ್ನು ಭದ್ರವಾದ ವ್ಯವಸ್ಥೆಯೊಂದರ ಮೂಲಕ ಯೋಗ್ಯರಿಗೆ ಕೊಡಲೇಬೇಕೆಂದೂ ವಿಧಿಸಿತು. ಆ ದೇಶದಲ್ಲಿ ಪೂರ್ವಾಪರಗಳನ್ನು ವಿಚಾರಿಸಿ ನೋಂದಣಿ ಮಾಡಿಕೊಂಡ ಕೀಲಿ ಕಸಬುದಾರರು, ಗಾಡಿಯ ಒಡೆತನದ ದಾಖಲೆಯನ್ನು ಪರೀಕ್ಷಿಸಿ, ತಮ್ಮ ಹೆಸರಿನಲ್ಲಿ ಗುಪ್ತಾಂಕವನ್ನು ಪಡೆಯುವರು. ಯಾರು, ಯಾವಾಗ, ಯಾವ ಗಾಡಿಗಾಗಿ ಪಡೆದರೆಂಬ ಲೆಕ್ಕ ಉಳಿಯುವದು. ಬಾಗಿಲನ್ನು ಪೂರ್ತಿ ತೆರೆಯದೆ, ಪೂರ್ತಿ ಮುಚ್ಚದೆ, ಕಾವಲುಗಾರನನ್ನು ನಿಲ್ಲಿಸಿ ಒಳಗೆ ಬಿಡುವ ಕ್ರಮವಿದು.

ನಮ್ಮ ದೇಶದಲ್ಲಿ ನ್ಯಾಯದ ಮಾತು ಕೇಳಿಬಂದೇ ಇಲ್ಲವೆಂದಲ್ಲ. ಗ್ರಾಹಕರೊಬ್ಬರ ದೂರಿನ ಮೇಲೆ ವಿಚಾರಣೆ ನಡೆಸಿದ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ 25ರಂದು 14 ಕಾರು ಕಂಪನಿಗಳ ಮೇಲೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಮುಕ್ತ ಪೇಟೆಗೆ ಬಿಡದೆ ಸ್ವತಂತ್ರ ದುರಸ್ತಿಗಾರರನ್ನು ದೂರವಿಟ್ಟದ್ದೇ ಅವರ ಮೇಲಿನ ಆಪಾದನೆಯ ತಿರುಳು. ಅವುಗಳನ್ನು ಪೇಟೆಯಲ್ಲಿ ದೊರಕಿಸಬೇಕು, ಹೊರಗಿನವರಿಂದ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯೇ ರದ್ದೆಂಬ ಸಾರಾಸಗಟು ಷರತ್ತನ್ನು ಹಾಕಕೂಡದು ಎಂದು ಆಯೋಗವು ಅಪ್ಪಣೆ ಮಾಡಿತು. ಮುಂದೆ ಮೇಲ್ಮನವಿಗಳಾದವು. 2016ರಲ್ಲಿ ಮೇಲ್ಮನವಿಯ ನ್ಯಾಯಾಧಿಕರಣವು ತನ್ನ ಮುಂದೆ ಬಂದ ಕಂಪನಿಗಳ ತಪ್ಪನ್ನು ಎತ್ತಿಹಿಡಿದು, ದಂಡದ ಲೆಕ್ಕವನ್ನು ಮಾತ್ರ ಬದಲಿಸಿತು. 2022ರ ಜುಲೈದಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಸಲುವಾಗಿ ಒಂದು ಸಮಿತಿಯನ್ನು ನೇಮಿಸಿತು. ಒಕ್ಕಲುತನದ ಉಪಕರಣಗಳು, ಮೊಬೈಲುಗಳು, ಮನೆಬಳಕೆಯ ಯಂತ್ರಗಳು, ಮೋಟಾರು ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಅದು ಆರಿಸಿಕೊಂಡಿತು. ಅದೇ ವರುಷದ ದಶಂಬರ 24ರಂದು, ರಾಷ್ಟ್ರೀಯ ಗ್ರಾಹಕ ದಿನದ ನಿಮಿತ್ತವಾಗಿ, ದುರಸ್ತಿಯ ಮಾಹಿತಿಯನ್ನು ಒಂದೆಡೆ ಕೊಡುವ ಜಾಲತಾಣವೂ ಆರಂಭವಾಯಿತು.

ಈ ಪ್ರಯತ್ನಗಳನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುವೆವು. ಆದರೆ ಜಾಲತಾಣವು ಫಲಕವೇ ಹೊರತು ಶಾಸನವಲ್ಲ. ಕಂಪನಿಯು ತಾನಾಗಿ ಬರೆದದ್ದನ್ನು ಅದು ತೋರಿಸೀತು, ಬರೆಯದ್ದನ್ನು ಬರೆಸುವ ಬಲ ಅದಕ್ಕಿಲ್ಲ. ದುರಸ್ತಿಯ ಹಕ್ಕು ಸರಕಾರದ ಸದಿಚ್ಛೆಯಾಗಿ ಉಳಿಯದೆ ಗ್ರಾಹಕನು ನ್ಯಾಯಸ್ಥಾನದಲ್ಲಿ ಎತ್ತಿ ಹೇಳಬಹುದಾದ ಹಕ್ಕಾಗಬೇಕು. ಕೀಲಿಕೈಯ ವಿಷಯದಲ್ಲಿ ಮಾಡಬೇಕಾದುದು ಸ್ಪಷ್ಟವಾಗಿಯೇ ಇದೆ. ಗಾಡಿ ಮಾರುವಾಗಲೇ ಎರಡನೆಯ ಕೀಲಿಕೈಯ ಬೆಲೆಯನ್ನೂ ಅದು ದೊರೆಯಲು ಬೇಕಾದ ದಿನಗಳನ್ನೂ ಬರೆದು ಕೊಡಬೇಕು. ಸ್ವಿಚ್ಚು, ರಬ್ಬರು, ಕವಚ ಇವುಗಳನ್ನು ಬಿಡಿಬಿಡಿಯಾಗಿ ಮಾರಬೇಕು. ಸತ್ತ ಕೀಲಿಕೈಯಿಂದ ಬಾಗಿಲು ತೆರೆಯುವ ಮತ್ತು ಎಂಜಿನ್ನು ಹೊರಡಿಸುವ ಕ್ರಮವನ್ನು ಒಂದೇ ಹಾಳೆಯಲ್ಲಿ, ಚಿತ್ರಸಹಿತವಾಗಿ, ಕನ್ನಡ ನಾಡಿನಲ್ಲಿ ಮಾರುವ ಗಾಡಿಗೆ ಕನ್ನಡದಲ್ಲಿ ಅಚ್ಚು ಮಾಡಿ ಕೊಡಬೇಕು. ಗುಪ್ತಾಂಕವು ಬೇಕಾದ ಕೆಲಸಕ್ಕೆ ಪೋಲೀಸು ಮತ್ತು ಸಾರಿಗೆ ಇಲಾಖೆಗಳ ಅರಿವಿನಲ್ಲಿ ಕಸಬುದಾರರನ್ನು ನೋಂದಾಯಿಸಿ, ಒಡೆತನದ ದಾಖಲೆಯನ್ನು ನೋಡಿ ಕೆಲಸ ಮಾಡುವ ಅಧಿಕಾರವನ್ನು ಅವರಿಗೆ ಕೊಡಬೇಕು. ಹೀಗಾದರೆ ಕಳ್ಳನ ಕಡೆಗೆ ಒಂದೂ ಬಾಗಿಲು ತೆರೆದಂತಾಗದು.

ಈ ಪ್ರಶ್ನೆಗೆ ನಮ್ಮ ರಾಷ್ಟ್ರೀಯ ಆಂದೋಲನದ ಪರಂಪರೆಯಲ್ಲಿಯೇ ಉತ್ತರವಿದೆಯೆಂಬದನ್ನು ಬಹಳ ಜನರು ಮರೆತಿದ್ದಾರೆ. ಮಹಾತ್ಮಾ ಗಾಂಧಿಯವರ ನೇತೃತ್ವದ ಅಖಿಲ ಭಾರತ ಚರಖಾ ಸಂಘವು 1929ರಲ್ಲಿ ಉತ್ತಮವಾದ ಹೊಸ ಚರಖವನ್ನು ನಿರ್ಮಿಸಿದವರಿಗೆ ಒಂದು ಲಕ್ಷ ರೂಪಾಯಿ ಬಹುಮಾನವನ್ನು ಸಾರಿತು. ಅದರ ಷರತ್ತುಗಳು ಇಂದಿಗೂ ಮನನಯೋಗ್ಯವಾಗಿವೆ. ಯಂತ್ರದ ಬೆಲೆಯು 150 ರೂಪಾಯಿಯನ್ನು ಮೀರಬಾರದು. ಅದು ಹಳ್ಳಿಯ ಸಾಮಾನ್ಯ ಗುಡಿಸಲಿನಲ್ಲಿ ನಡೆಯುವಂತಿರಬೇಕು. ಇಪ್ಪತ್ತು ವರುಷ ಬಾಳಬೇಕು. ವರ್ಷಕ್ಕೆ ಅದರ ಸವೆದ ಭಾಗಗಳನ್ನು ಬದಲಿಸುವ ಖರ್ಚು ಯಂತ್ರದ ಬೆಲೆಯ ನೂರಕ್ಕೆ 5ನ್ನು ಮೀರಬಾರದು. ಯಂತ್ರವು ಎಷ್ಟು ನೂಲು ತೆಗೆಯುವದೆಂಬದನ್ನು ಕೇಳಿ ಅವರು ಸುಮ್ಮನಾಗಲಿಲ್ಲ. ಅದು ಎಷ್ಟು ವರುಷ ಬಾಳುವದು, ಕೆಟ್ಟರೆ ಬಡವನ ಮೇಲೆ ಎಷ್ಟು ಭಾರ ಬೀಳುವದು ಎಂಬದನ್ನೂ ಕೇಳಿದರು. ದುರಸ್ತಿಯು ಅವರಿಗೆ ಯಂತ್ರದ ಗುಣಗಳಲ್ಲಿಯೇ ಒಂದಾಗಿತ್ತು. ಹತ್ತಾರು ಲಕ್ಷದ ಗಾಡಿಯನ್ನು ಕೊಳ್ಳುವ ನಾವು ಆ ಎರಡು ಪ್ರಶ್ನೆಗಳನ್ನು ಮಾರಾಟಗಾರನಿಗೆ ಒಮ್ಮೆಯಾದರೂ ಕೇಳಿರುವೆವೆ?

ಸ್ವದೇಶಿಯೆಂದರೆ ವಸ್ತುವು ಈ ನೆಲದಲ್ಲಿ ತಯಾರಾಗುವದಷ್ಟೇ ಅಲ್ಲ. ಇಲ್ಲಿಯ ಕೈಗಳಿಗೆ ಅದನ್ನು ಬಿಚ್ಚುವ, ಅರಿಯುವ, ಮತ್ತೆ ಕೂಡಿಸುವ ಸಾಮರ್ಥ್ಯ ಮತ್ತು ಸ್ವಾತಂತ್ರ್ಯ ಇರಬೇಕು. ಪೇಟೆಯ ಗಡಿಯಾರ ರಿಪೇರಿಯವನು, ರೇಡಿಯೋ ದುರಸ್ತಿಯವನು, ಕೀಲಿಕೈ ಕಡೆಯುವವನು, ಇವರು ಯಾವ ಕಾಲೇಜಿನ ಪದವಿಯೂ ಇಲ್ಲದೆ ದೇಶದ ಕೋಟ್ಯವಧಿ ರೂಪಾಯಿಗಳ ವಸ್ತುಗಳನ್ನು ಕಸವಾಗದಂತೆ ಕಾಯ್ದವರು. ಬದಲಿಸುವದೇ ನಾಗರಿಕತೆ, ದುರಸ್ತಿಯು ಬಡತನದ ಲಕ್ಷಣವೆಂಬ ಭಾವನೆಯು ನಮ್ಮ ನಗರಗಳಲ್ಲಿ ಬೇರೂರುತ್ತಿದೆ. ಈ ಭಾವನೆಯು ಬೆಳೆದರೆ ಆ ಕಟ್ಟೆಗಳು ಒಂದೊಂದಾಗಿ ಬರಿದಾಗುವವು. ಆ ಮೇಲೆ ಕಾಯಿದೆಯು ಹಕ್ಕನ್ನು ಕೊಟ್ಟರೂ ಕೆಲಸ ಮಾಡುವ ಕೈ ಉಳಿದಿರದು. ಆದುದರಿಂದ ಐ.ಟಿ.ಐ. ಶಾಲೆಗಳಲ್ಲಿ ಈ ಹೊಸ ಕೀಲಿಕೈಗಳ ದುರಸ್ತಿಯನ್ನು ಕಲಿಸುವ ಏರ್ಪಾಡಾಗಬೇಕು. ಹಳೆಯ ಕಸಬಿನವರಿಗೆ ಹೊಸ ವಿದ್ಯೆಯ ಅಲ್ಪಕಾಲದ ಶಿಕ್ಷಣವನ್ನು ಕೊಡುವದು ಸರಕಾರಕ್ಕೆ ದೊಡ್ಡ ವೆಚ್ಚದ ಮಾತಲ್ಲ.

ಅಧಿಕಾರಿಗಳು ತಮ್ಮ ಕರ್ತವ್ಯವನ್ನು ಮಾಡಲಿ. ಅಲ್ಲಿಯವರೆಗೆ ವಾಚಕರು ಕೈಕಟ್ಟಿ ಕುಳಿತುಕೊಳ್ಳಬೇಕಾದ ಕಾರಣವಿಲ್ಲ. ಇಂದು ಸಂಜೆ ಮನೆಗೆ ಹೋದೊಡನೆ ತಮ್ಮ ಕೀಲಿಕೈಯ ಹೊಟ್ಟೆಯಲ್ಲಿರುವ ಲೋಹದ ಅಲಗನ್ನು ಹೊರಗೆ ತೆಗೆದು, ಅದರಿಂದ ಒಮ್ಮೆ ಬಾಗಿಲನ್ನು ತೆರೆದು ನೋಡಲಿ. ಕೀಲಿಕೈಯನ್ನು ಎಲ್ಲಿ ತಾಗಿಸಿದರೆ ಎಂಜಿನ್ನು ಹೊರಡುವದೆಂಬದನ್ನು ಪುಸ್ತಕದಲ್ಲಿ ಹುಡುಕಿ ಮನೆಯವರೆಲ್ಲರಿಗೂ ತೋರಿಸಲಿ. ಒಂದು ಸೆಲ್ಲನ್ನು ಹೆಚ್ಚಿಗೆ ತಂದು ಮಕ್ಕಳಿಗೆ ಎಟುಕದಲ್ಲಿ ಇಡಲಿ. ಮೂಲೆಗೆ ಬಿದ್ದ ಎರಡನೆಯ ಕೀಲಿಕೈಯನ್ನು ಪೇಟೆಯ ಕಸಬುದಾರನಿಗೆ ಒಯ್ದು ತೋರಿಸಲಿ. ನಮ್ಮ ಆ ವೃದ್ಧ ಮಿತ್ರರಿಗೆ ಇದಿಷ್ಟು ಮೊದಲೇ ಗೊತ್ತಿದ್ದರೆ ಆ ರಾತ್ರಿಯ ಅರ್ಧ ಗಂಟೆಯು ಉಳಿಯುತ್ತಿತ್ತು. ಉಬ್ಬಸದಿಂದ ಬಳಲುವವರ ಪಾಲಿಗೆ ಅರ್ಧ ಗಂಟೆಯೆಂದರೆ ಅಲ್ಪ ಕಾಲವಲ್ಲ.

ಆನೆಯನ್ನು ನಾವು ಕೊಂಡಿರುವೆವು, ಬೆಲೆಯನ್ನು ಪೂರ್ಣವಾಗಿ ಸಲ್ಲಿಸಿರುವೆವು. ಅಂಕುಶವೂ ನಮ್ಮದೇ. ಅದನ್ನು ನಮ್ಮ ಕೈಗೆ ಕೊಡುವದು ಮಾರಿದವನ ಉಪಕಾರವಲ್ಲ, ಅವನ ಮೇಲಿರುವ ಋಣ.